ಚುಕ್ಕೆ ಗುರುತಿನ ಪ್ರಶ್ನೆ: ಆ ಚುಕ್ಕೆ ಹೇಳುವುದೇನು?

ಸಂಸತ್ ಅಧಿವೇಶನ ಶುರುವಾದರೆ ಸಾಕು, ಎರಡು ಬಗೆಯ ಸಾಲುಗಳು ತಪ್ಪದೆ ಕಣ್ಣಿಗೆ ಬೀಳುತ್ತವೆ. ವಿರೋಧ ಪಕ್ಷದ ಸಂಸದರ ಗಂಭೀರ ಪ್ರಶ್ನೆಗೆ ಚುಕ್ಕೆ ಗುರುತೂ ಸಿಗಲಿಲ್ಲ ಎನ್ನುವುದು ಒಂದು. ಶೂನ್ಯವೇಳೆಯಲ್ಲಿ (ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತು) ಕೇಳಿದ ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಉತ್ತರ ಕೊಡದೆ ಜಾರಿಕೊಂಡರು ಎನ್ನುವುದು ಇನ್ನೊಂದು. ಮೊದಲನೆಯದನ್ನು ಬರೆದವರು ಚುಕ್ಕೆಯನ್ನು ಪದಕ ಎಂದುಕೊಂಡಿದ್ದಾರೆ. ಎರಡನೆಯದಂತೂ ನಡೆಯಲು ಸಾಧ್ಯವೇ ಇಲ್ಲದ ಘಟನೆ. ಆದರೂ ವರ್ಷ ವರ್ಷ ಇದೇ ಬರೆಯುತ್ತಾರೆ, ಇದನ್ನೇ ಹಂಚಿಕೊಳ್ಳುತ್ತಾರೆ. ಹಾಗಾಗಿ ಒಮ್ಮೆ ಬಿಡಿಸಿ ಹೇಳಿಬಿಡೋಣ.

ಪ್ರಶ್ನೆಯ ಪಕ್ಕದಲ್ಲಿ ಹಾಕುವ ನಕ್ಷತ್ರ ಗುರುತೇ (*) ಈ ಚುಕ್ಕೆ. ಅದು ಹೇಳುವುದು ಒಂದೇ ಮಾತು: ‘ಈ ಪ್ರಶ್ನೆಗೆ ನನಗೆ ಸದನದಲ್ಲಿ ಬಾಯಿಮಾತಿನ ಉತ್ತರ ಬೇಕು.’ ಅಷ್ಟೇ. ಪ್ರಶ್ನೆ ದೊಡ್ಡದು, ವಿಷಯ ಗಂಭೀರ, ಸಭಾಧ್ಯಕ್ಷರು ಮೆಚ್ಚಿಕೊಂಡರು ಅಂತೆಲ್ಲ ಅದು ಹೇಳುವುದಿಲ್ಲ. ಚುಕ್ಕೆ ಹಾಕಿ ಕೊಡುವವರು ಪ್ರಶ್ನೆ ಕೇಳುವ ಸದಸ್ಯರೇ. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ, ಅದನ್ನು ಸದನದ ಮುಂದಿಡುತ್ತಾರೆ. ಎರಡಕ್ಕೂ ಉತ್ತರ ಕೊಡುವ ಹೊಣೆ ಸರ್ಕಾರದ್ದೇ. ಬಾಯಿಮಾತಿನ ಉತ್ತರಕ್ಕೆ ಉಪಪ್ರಶ್ನೆ ಕೇಳಬಹುದು, ಲಿಖಿತ ಉತ್ತರಕ್ಕೆ ಆಗುವುದಿಲ್ಲ.

ಹಾಗಾದರೆ ಕೆಲವರ ಚುಕ್ಕೆ ಕೈತಪ್ಪುವುದು ಹೇಗೆ? ಜಾಸ್ತಿ ಸಲ ಅದಕ್ಕೆ ಕಾರಣ ಚೀಟಿ ಎತ್ತುವುದು. ಲೋಕಸಭೆಯಲ್ಲಿ ಸದಸ್ಯರು ಕನಿಷ್ಠ 15 ಪೂರ್ತಿ ದಿನ ಮೊದಲೇ ನೋಟಿಸ್ ಕೊಡಬೇಕು. ಚುಕ್ಕೆ ಇರುವುದು, ಇಲ್ಲದ್ದು ಎಲ್ಲ ಸೇರಿ ದಿನಕ್ಕೆ ಒಬ್ಬರು 5 ನೋಟಿಸ್ ಕೊಡಬಹುದು. ಆದರೆ ಒಬ್ಬರ ಹೆಸರಿನಲ್ಲಿ ಆ ದಿನದ ಚುಕ್ಕೆ ಪಟ್ಟಿಗೆ ಸೇರುವುದು ಒಂದೇ ಪ್ರಶ್ನೆ. ಸಚಿವಾಲಯಗಳನ್ನು 5 ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಒಂದೊಂದು ಗುಂಪು ಕೊಟ್ಟಿರುತ್ತಾರೆ. ಹಾಗಾಗಿ ಯಾವ ಸಚಿವರನ್ನು ಯಾವತ್ತು ಕೇಳಬೇಕು ಎಂಬುದೂ ಸಂಸದರ ಕೈಯಲ್ಲಿಲ್ಲ. ಬಂದ ನೋಟಿಸುಗಳ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಲೋಕಸಭೆಯ ಒಂದು ದಿನದ ಪಟ್ಟಿಯಲ್ಲಿ 20 ಚುಕ್ಕೆ ಪ್ರಶ್ನೆಗಳಿಗೆ ಜಾಗ, ಚುಕ್ಕೆ ಇಲ್ಲದವಕ್ಕೆ 230. ರಾಜ್ಯಸಭೆಯಲ್ಲಿ ಇದು 15 ಮತ್ತು 160. ಇಪ್ಪತ್ತರೊಳಗೆ ಬರದ ಪ್ರಶ್ನೆ ಚುಕ್ಕೆ ಇಲ್ಲದ ಪಟ್ಟಿಗೆ ಇಳಿಯಬಹುದು. ಬರೀ ಅಂಕಿ ಅಂಶದ ಉದ್ದ ಪಟ್ಟಿ ಕೇಳಿದ್ದರೆ, ಇದಕ್ಕೆ ಲಿಖಿತ ಉತ್ತರವೇ ಸರಿ ಎಂದು ಸಭಾಧ್ಯಕ್ಷರೂ ಇಳಿಸಬಹುದು. ಇದರಲ್ಲಿ ವಿಷಯದ ತೂಕ ನೋಡುವ ಹಂತ ಎಲ್ಲಿದೆ ಹೇಳಿ? ಪ್ರತಿ ಸಲವೂ ‘ಚುಕ್ಕೆ ನಿರಾಕರಣೆ’ ಅಂತ ಸುದ್ದಿ ಮಾಡುವವರು ಮೊದಲು ಈ ಲೆಕ್ಕ ನೋಡಬೇಕು.

ಚುಕ್ಕೆಗೂ ತೂಕಕ್ಕೂ ಸಂಬಂಧವಿಲ್ಲ ಎನ್ನಲು 2020ರ ಸೆಪ್ಟೆಂಬರ್ ಅಧಿವೇಶನಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕೋವಿಡ್ ಕಾರಣ ಕೊಟ್ಟು ಆ ಅಧಿವೇಶನದಲ್ಲಿ, ಚುಕ್ಕೆ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಕೊಡುವ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು. ಅಂದರೆ ಚುಕ್ಕೆ ಪ್ರಶ್ನೆಗಳೇ ಇರಲಿಲ್ಲ. ವಿರೋಧ ಪಕ್ಷಗಳು ಗಲಾಟೆ ಮಾಡಿದವು, ಮಾಡಬೇಕಾದದ್ದೇ. ಉಳಿದದ್ದು ಚುಕ್ಕೆ ಇಲ್ಲದ ಪ್ರಶ್ನೆಗಳು ಮಾತ್ರ. ಲಾಕ್‌ಡೌನ್ ಹೊತ್ತಿನಲ್ಲಿ ಊರಿಗೆ ಹೊರಟು ದಾರಿಯಲ್ಲೇ ಸತ್ತ ವಲಸೆ ಕಾರ್ಮಿಕರೆಷ್ಟು ಎಂಬ ಪ್ರಶ್ನೆ ಅಧಿವೇಶನದ ಮೊದಲ ದಿನವೇ, ಸೆಪ್ಟೆಂಬರ್ 14ರಂದು, ಲೋಕಸಭೆಯಲ್ಲಿ ಬಂತು. ಅಂಥ ಅಂಕಿ ಅಂಶ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಲಿಖಿತ ಉತ್ತರ ಕೊಟ್ಟಿತು. ಕುಟುಂಬಗಳಿಗೆ ಪರಿಹಾರ ಕೊಟ್ಟಿದ್ದೀರಾ ಎಂಬುದಕ್ಕೆ ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂಬ ಉತ್ತರ. ಕೆಲವೇ ದಿನಗಳಲ್ಲಿ ರಾಜ್ಯಸಭೆಯಲ್ಲಿ ಬೇರೆ ಪ್ರಶ್ನೆ, ಈ ಸಲ ರೈಲ್ವೆಗೆ. ವಲಸೆ ಕಾರ್ಮಿಕರನ್ನು ಊರಿಗೆ ಕರೆದೊಯ್ದ ಶ್ರಮಿಕ್ ರೈಲುಗಳಲ್ಲಿ ಪ್ರಯಾಣ ಮಾಡುವಾಗ ಸತ್ತವರು 97 ಮಂದಿ ಎಂಬ ಲಿಖಿತ ಉತ್ತರ ಬಂತು. ಇಡೀ ಅಧಿವೇಶನದಲ್ಲಿ ಜಾಸ್ತಿ ಚರ್ಚೆಯಾದ ಉತ್ತರಗಳಲ್ಲಿ ಇವೂ ಸೇರಿವೆ. ಎರಡಕ್ಕೂ ಚುಕ್ಕೆ ಇರಲಿಲ್ಲ. ಸರಿಯಾದ ಸಚಿವಾಲಯವನ್ನು ಹುಡುಕಿ, ನೇರವಾಗಿ ಸಂಖ್ಯೆ ಕೇಳಿದ್ದರಿಂದ ಆ 97 ಹೊರಬಂತು.

ಹಾಗಂತ ಚುಕ್ಕೆಗೆ ಬೆಲೆ ಇಲ್ಲ ಎಂದಲ್ಲ. ಅದರ ಬೆಲೆ ಇರುವುದು ಉಪಪ್ರಶ್ನೆಯಲ್ಲಿ. ಚುಕ್ಕೆ ಪ್ರಶ್ನೆಗೆ ಅಧಿಕಾರಿಗಳು ಬರೆದುಕೊಟ್ಟ ಉತ್ತರವನ್ನು ಸಚಿವರು ಸದನದ ಮುಂದಿಡುತ್ತಾರೆ. ಅಲ್ಲಿಯವರೆಗೂ ಎಲ್ಲ ಸಲೀಸು. ಆಮೇಲೆ ಪ್ರಶ್ನೆ ಕೇಳಿದವರಿಗೆ ಎರಡು ಉಪಪ್ರಶ್ನೆಗಳ ಅವಕಾಶ. ಸಭಾಧ್ಯಕ್ಷರು ಕರೆದರೆ ಬೇರೆ ಸದಸ್ಯರೂ ಕೇಳಬಹುದು. ಈ ಉಪಪ್ರಶ್ನೆ ಏನಿರುತ್ತದೆ ಎಂದು ಸಚಿವರಿಗೆ ಮೊದಲೇ ಗೊತ್ತಿರುವುದಿಲ್ಲ. ತನ್ನ ಇಲಾಖೆ ಸಚಿವರಿಗೆ ಎಷ್ಟು ಗೊತ್ತು ಎಂಬುದು ಬಯಲಾಗುವುದು ಇಲ್ಲೇ. ಪಕ್ಕದ ಗ್ಯಾಲರಿಯಲ್ಲಿ ಅಧಿಕಾರಿಗಳು ಕೂತು ಚೀಟಿ ಕಳಿಸುತ್ತಿರುತ್ತಾರೆ ನಿಜ. ಆದರೆ ಎದ್ದು ನಿಂತು ಹೇಳಬೇಕಾದವರು ಸಚಿವರೇ. ಒಂದು ಗಂಟೆಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಪ್ರಶ್ನೆಗಳಷ್ಟೇ ಆಗುತ್ತವೆ. ಸರದಿ ಬಾರದೆ ಉಳಿದ ಚುಕ್ಕೆ ಪ್ರಶ್ನೆಗಳಿಗೂ ಲಿಖಿತ ಉತ್ತರವೇ ಗತಿ. ಪಟ್ಟಿಯಲ್ಲಿ 17ನೆಯವರಾಗಿದ್ದರೆ ಚುಕ್ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ‘ನಮ್ಮ ಸಂಸದರು ಇಷ್ಟು ಚುಕ್ಕೆ ಪ್ರಶ್ನೆ ಕೇಳಿದರು’ ಎಂಬ ಹೊಗಳಿಕೆ ಓದುವಾಗ ಇದೂ ನೆನಪಿರಲಿ. ಎಷ್ಟಕ್ಕೆ ಸರದಿ ಬಂತು, ಉಪಪ್ರಶ್ನೆಯಲ್ಲಿ ಏನು ಕೇಳಿದರು ಎಂದು ಯಾರೂ ಬರೆಯುವುದಿಲ್ಲ.

ಇನ್ನು ‘ನೀತಿಯನ್ನು ಪ್ರಶ್ನಿಸಿದರು’ ಎಂಬ ಮಾತು. ಭಾಷಣದಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರೂ ಪ್ರಶ್ನಿಸಿದರು, ಫಲಕ ಹಿಡಿದರೂ ಪ್ರಶ್ನಿಸಿದರು, ಎಕ್ಸ್‌ನಲ್ಲಿ ಬರೆದರೂ ಪ್ರಶ್ನಿಸಿದರು. ಬಳಕೆಯ ಕನ್ನಡದಲ್ಲಿ ಇದು ತಪ್ಪೇನಲ್ಲ. ಸಂಸತ್ತಿನ ವರದಿಯಲ್ಲಿ ಮಾತ್ರ ಗೊಂದಲ ಮಾಡುತ್ತದೆ. ಯಾಕೆಂದರೆ ಅಲ್ಲಿ ಪ್ರಶ್ನೆ ಎನ್ನುವುದಕ್ಕೆ ಕಟ್ಟುನಿಟ್ಟಾದ ಅಳತೆ ಇದೆ. ಲೋಕಸಭೆಯ ನಿಯಮ 41 ನೋಡಿ. ಪ್ರಶ್ನೆಯಲ್ಲಿ ವಾದ ಇರಬಾರದು, ಊಹೆ ಇರಬಾರದು, ವ್ಯಂಗ್ಯ ಇರಬಾರದು, ಯಾರ ಮೇಲೂ ಆರೋಪ ಹೊರಿಸಬಾರದು, 150 ಪದ ಮೀರಬಾರದು. ಸಚಿವರ ಅಭಿಪ್ರಾಯ ಕೇಳುವಂತಿಲ್ಲ. ಕೇಂದ್ರಕ್ಕೆ ಸಂಬಂಧಪಡದ ವಿಷಯ ಎತ್ತುವಂತಿಲ್ಲ. ಇನ್ನೂ ಒಂದಿದೆ: ಒಂದು ಉತ್ತರದ ಮಿತಿಯಲ್ಲಿ ಹೇಳಿ ಮುಗಿಸಲಾಗದಷ್ಟು ದೊಡ್ಡ ನೀತಿಯ ವಿಷಯವನ್ನು ಪ್ರಶ್ನೆಯಾಗಿ ತರುವಂತಿಲ್ಲ.

ಅಂದರೆ ‘ಸರ್ಕಾರದ ಬೆಳೆ ವಿಮೆ ನೀತಿ ರೈತರಿಗೆ ದ್ರೋಹವಲ್ಲವೇ?’ ಎಂದು ಬರೆದುಕೊಟ್ಟರೆ ಅದು ಕಚೇರಿಯಲ್ಲೇ ಬಿದ್ದುಹೋಗುತ್ತದೆ. ಕೆಲಸ ಗೊತ್ತಿರುವ ವಿರೋಧ ಪಕ್ಷದ ಸಂಸದರು ಹೇಗೆ ಬರೆಯುತ್ತಾರೆ ಅಂದರೆ:

‘ಮಾನ್ಯ ಕೃಷಿ ಸಚಿವರು ದಯಮಾಡಿ ತಿಳಿಸುವರೇ: (ಅ) ಕಳೆದ ಮೂರು ವರ್ಷಗಳಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ವಿಮಾ ಕಂಪನಿಗಳು ಪಡೆದ ಪ್ರೀಮಿಯಂ ಎಷ್ಟು, ರಾಜ್ಯವಾರು ವಿವರ ನೀಡುವುದು, (ಆ) ಇದೇ ಅವಧಿಯಲ್ಲಿ ರೈತರಿಗೆ ಪಾವತಿಯಾದ ಪರಿಹಾರವೆಷ್ಟು, (ಇ) ಪಾವತಿಯಾಗದೆ ಬಾಕಿ ಇರುವ ಪ್ರಕರಣಗಳೆಷ್ಟು, ವಿಳಂಬಕ್ಕೆ ಕಾರಣವೇನು, (ಈ) ವಿಳಂಬ ಮಾಡಿದ ಕಂಪನಿಗಳ ಮೇಲೆ ಕೈಗೊಂಡ ಕ್ರಮವೇನು?’

ಇದರಲ್ಲಿ ಸಿಟ್ಟಿನ ಮಾತು ಒಂದೂ ಇಲ್ಲ, ವಾದವೂ ಇಲ್ಲ. ಆದರೆ (ಅ) ಮತ್ತು (ಆ) ಪಕ್ಕಪಕ್ಕ ಇಟ್ಟರೆ ವಾದ ತಾನಾಗಿ ಎದ್ದು ನಿಲ್ಲುತ್ತದೆ. (ಈ)ಗೆ ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂಬ ಉತ್ತರ ಬಂದರೆ ಆ ಉತ್ತರವೇ ಸುದ್ದಿ. ಇದಕ್ಕೆ ಚುಕ್ಕೆಯೂ ಸಿಕ್ಕಿ, ಸರದಿಯೂ ಬಂದರೆ, ತಮ್ಮ ಜಿಲ್ಲೆಯ ಬಾಕಿ ಪ್ರಕರಣಗಳನ್ನು ಉಪಪ್ರಶ್ನೆಗೆ ಇಟ್ಟುಕೊಂಡಿರುತ್ತಾರೆ. ನೀತಿಯನ್ನು ಸಂಸತ್ತಿನಲ್ಲಿ ಪ್ರಶ್ನಿಸುವುದು ಅಂದರೆ ಈ ಕೆಲಸ. ಸದನದಲ್ಲಿ ಜೋರಾಗಿ ಕೂಗಿದ್ದಕ್ಕೆ ಸಿಗುವ ಪ್ರಚಾರದ ಕಾಲು ಭಾಗವೂ ಇದಕ್ಕೆ ಸಿಗುವುದಿಲ್ಲ.

ಈಗ ಶೂನ್ಯವೇಳೆ. ಇದನ್ನು ಪ್ರಶ್ನೋತ್ತರ ವೇಳೆಯ ಜೊತೆ ಕಲಸುವವರು ನನಗೆ ಅರ್ಥವೇ ಆಗುವುದಿಲ್ಲ. ಒಂದಕ್ಕೆ 15 ದಿನದ ನೋಟಿಸ್ ಬೇಕು, ಇನ್ನೊಂದಕ್ಕೆ ಲೋಕಸಭೆಯಲ್ಲಿ ಅವತ್ತು ಬೆಳಗ್ಗೆ 10ರೊಳಗೆ ಕೊಟ್ಟರೂ ಆಯಿತು. ಪ್ರಶ್ನೋತ್ತರ ವೇಳೆ ನಿಯಮ ಪುಸ್ತಕದಲ್ಲಿದೆ, ‘ಶೂನ್ಯವೇಳೆ’ ಎಂಬ ಹೆಸರು ಅದರಲ್ಲಿಲ್ಲ, 1960ರ ದಶಕದಲ್ಲಿ ರೂಢಿಯಿಂದ ಬೆಳೆದದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಶೂನ್ಯವೇಳೆಯಲ್ಲಿ ಎತ್ತಿದ ವಿಷಯಕ್ಕೆ ಸಚಿವರು ಅಲ್ಲೇ ಉತ್ತರಿಸಬೇಕೆಂಬ ಕಟ್ಟಳೆ ಇಲ್ಲ. ಸಚಿವರು ಸುಮ್ನೆ ಕೂತರೆ ಅದು ಜಾರಿಕೊಂಡದ್ದಲ್ಲ. ಪ್ರಶ್ನೋತ್ತರ ವೇಳೆಯಲ್ಲಿ ಕೇಳಿದ್ದು ಬಿಟ್ಟು ಬೇರೇನೋ ಹೇಳಿದರೆ ಅದು ಜಾರಿಕೊಂಡದ್ದು. ಈ ವ್ಯತ್ಯಾಸ ಅಳಿಸಿಹೋದರೆ ಲಾಭ ಯಾರಿಗೆ? ಉತ್ತರ ಕೊಡಬೇಕಾದವರಿಗೆ. ಉತ್ತರ ಕೊಡಲೇಬೇಕಾಗಿದ್ದ ಕಡೆ ಕೊಡದಿದ್ದದ್ದೂ, ಕೊಡಬೇಕಿಲ್ಲದ ಕಡೆ ಕೊಡದಿದ್ದದ್ದೂ ಓದುಗರಿಗೆ ಒಂದೇ ಥರ ಕಾಣುತ್ತದೆ.

‘ಪ್ರಶ್ನೋತ್ತರ ಮುಗಿದ ಮೇಲೆ ಬರುವುದೇ ಶೂನ್ಯವೇಳೆ’ ಎಂಬ ಹಳೆಯ ವಿವರಣೆಯೂ ಈಗ ಅರ್ಧ ಸತ್ಯ. ಲೋಕಸಭೆಯಲ್ಲಿ ಹಾಗೇ ಇದೆ, 11ಕ್ಕೆ ಪ್ರಶ್ನೋತ್ತರ, 12ಕ್ಕೆ ಶೂನ್ಯವೇಳೆ. ರಾಜ್ಯಸಭೆಯಲ್ಲಿ 2014ರಿಂದ ಪ್ರಶ್ನೋತ್ತರ ಮಧ್ಯಾಹ್ನ 12ಕ್ಕೆ ಹೋಗಿದೆ, ಶೂನ್ಯವೇಳೆ ಮೊದಲು ಬರುತ್ತದೆ.

ನೀತಿಯನ್ನೇ ಇಡಿಯಾಗಿ ಚರ್ಚೆಗೆ ಎಳೆಯಬೇಕಾದರೆ ಬೇರೆ ದಾರಿಗಳಿವೆ. ಬಂದ ಉತ್ತರ ಸಾಲದು ಅನ್ನಿಸಿದರೆ ಅರ್ಧ ಗಂಟೆಯ ಚರ್ಚೆ ಕೇಳಬಹುದು. ಮತಕ್ಕೆ ಹಾಕದ ಚರ್ಚೆಗೆ ಲೋಕಸಭೆಯ ನಿಯಮ 193, ಮತಕ್ಕೆ ಹಾಕುವ ಚರ್ಚೆಗೆ ನಿಯಮ 184. ಬೇರೆ ಕಲಾಪ ನಿಲ್ಲಿಸಿ ತುರ್ತು ವಿಷಯ ಚರ್ಚಿಸಿ ಎಂದು ಕೇಳುವ ನಿಲುವಳಿ ಸೂಚನೆ ಲೋಕಸಭೆಯಲ್ಲಿ ಮಾತ್ರ ಉಂಟು, ಅದಕ್ಕೆ 50 ಸದಸ್ಯರ ಬೆಂಬಲ ಬೇಕು. ಇವೊಂದೊಂದಕ್ಕೂ ಬೇರೆ ಲೇಖನವೇ ಬೇಕಾಗುತ್ತದೆ.

ಪ್ರಶ್ನೆ ಕೇಳುವುದು ವಿರೋಧ ಪಕ್ಷದವರ ಕೆಲಸ ಮಾತ್ರ ಎಂಬ ನಂಬಿಕೆಯೂ ಸರಿಯಲ್ಲ. ಸಚಿವರಲ್ಲದ ಯಾವ ಸದಸ್ಯರೂ ಕೇಳಬಹುದು. 1957ರ ಮುಂಧ್ರಾ ಹಗರಣ ನೋಡಿ. ಜೀವ ವಿಮಾ ನಿಗಮ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಸುಮಾರು 1.24 ಕೋಟಿ ರೂಪಾಯಿಯ ಷೇರು ಕೊಂಡಿತ್ತು. ಲೋಕಸಭೆಯಲ್ಲಿ ಅದರ ಬಗ್ಗೆ ಪ್ರಶ್ನೆ ಎತ್ತಿದ್ದು ರಾಮ್ ಸುಭಗ್ ಸಿಂಗ್. ಡಿಸೆಂಬರ್‌ನಲ್ಲಿ ಅದನ್ನು ಚರ್ಚೆಗೆ ತಂದು ದಾಖಲೆ ಬಿಚ್ಚಿಟ್ಟಿದ್ದು ಫಿರೋಜ್ ಗಾಂಧಿ. ಇಬ್ಬರೂ ಆಳುವ ಕಾಂಗ್ರೆಸ್ಸಿನವರು. ತನಿಖೆಗೆ ಛಾಗ್ಲಾ ಆಯೋಗ ಕೂತಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆಗೆ ಎಷ್ಟು ಬಲವಿದೆ ಎಂಬುದಕ್ಕೆ ಕೆಟ್ಟ ಸಾಕ್ಷಿಯೂ ಇದೆ. ಹಣ ಪಡೆದು ಪ್ರಶ್ನೆ ಕೇಳಿದ್ದಕ್ಕಾಗಿ 2005ರ ಡಿಸೆಂಬರ್‌ನಲ್ಲಿ ಎರಡೂ ಸದನಗಳಿಂದ ಒಟ್ಟು 11 ಸಂಸದರನ್ನು ಉಚ್ಚಾಟಿಸಿದರು. ಬೆಲೆ ಇಲ್ಲದ ವಸ್ತುವಿಗೆ ಯಾರೂ ದುಡ್ಡು ಕೊಡುವುದಿಲ್ಲ ಅಲ್ವಾ?

ಕೊನೆಗೆ ಒಂದು ಉತ್ತರದ ಬಗ್ಗೆ ಹೇಳಬೇಕು, ಯಾಕೆಂದರೆ ಅದನ್ನೂ ತಪ್ಪಾಗಿ ಓದುತ್ತಾರೆ. ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು.’ ಇದು ಕಂಡ ಕೂಡಲೇ ವಿಷಯ ಮುಗಿಯಿತು ಎಂದು ವರದಿಗಾರರು ಎದ್ದುಹೋಗುತ್ತಾರೆ. ಹಾಗಲ್ಲ. ಆ ಸಾಲು ಸರ್ಕಾರ ಸದನಕ್ಕೆ ಕೊಟ್ಟ ಭರವಸೆಯ ಲೆಕ್ಕಕ್ಕೆ ಸೇರುತ್ತದೆ. ಅದನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು. ಈಡೇರಿತೇ ಎಂದು ನೋಡಲು ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಅವಧಿ ವಿಸ್ತರಣೆ ಕೇಳಿ ಕೇಳಿ ವರ್ಷಗಟ್ಟಲೆ ಎಳೆಯುವ ಸಚಿವಾಲಯಗಳಿವೆ. ಆ ಸಮಿತಿಯ ವರದಿಗಳಲ್ಲಿ ಅದೆಲ್ಲ ದಾಖಲಾಗುತ್ತದೆ.

ಪ್ರಶ್ನೆ ಮತ್ತು ಉತ್ತರ ಎರಡೂ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತವೆ. ಚುಕ್ಕೆ ಇರುವ ಮತ್ತು ಇಲ್ಲದ ಪ್ರಶ್ನೆಗಳಿಗೆ ಸಂಖ್ಯೆಯ ಸಾಲು ಬೇರೆ ಬೇರೆ. ಹಾಗಾಗಿ ಸುದ್ದಿ ಬರೆಯುವವರು ಸದನ, ದಿನಾಂಕ, ಚುಕ್ಕೆ ಇತ್ತೋ ಇಲ್ಲವೋ, ಪ್ರಶ್ನೆಯ ಸಂಖ್ಯೆ ಇಷ್ಟನ್ನು ಒಂದು ಸಾಲಿನಲ್ಲಿ ಕೊಟ್ಟರೆ ಸಾಕು, ಮೂಲ ಉತ್ತರವನ್ನು ಓದುಗರೇ ತೆಗೆದು ನೋಡಿಕೊಳ್ಳುತ್ತಾರೆ.