ಐರನ್ ಸೆಟ್ ಬದಲಿಸುವ ಮುನ್ನ ಫೇಸಿನ ಮೇಲಿನ ಗುರುತು ನೋಡಿ

ಗಾಲ್ಫಿನಲ್ಲಿ ಸ್ಕೋರು 120ರಿಂದ ಇಳಿದು ನೂರರ ಹತ್ತಿರ ಬಂತೆಂದರೆ ಕಣ್ಣು ಬ್ಯಾಗಿನಲ್ಲಿರುವ ಐರನ್‌ಗಳ, ಅಂದರೆ ಚಪ್ಪಟೆ ಲೋಹದ ತಲೆಯ ನಂಬರ್ ಹಾಕಿದ ಕ್ಲಬ್‌ಗಳ, ಮೇಲೆ ಬೀಳುತ್ತದೆ. ನವಿ ಮುಂಬಯಿಯ ಖಾರ್‌ಘರ್ ಕಣಿವೆಯ ಸಿಡ್ಕೋ ಗಾಲ್ಫ್ ಕೋರ್ಸಿಗೆ ಬೆಳಿಗ್ಗೆ ಬರುವ ನಮ್ಮ ಹೋಟೆಲ್ ಮಾಲೀಕರಿರಲಿ, ಪುಣೆಯ ಐಟಿ ಹುಡುಗರಿರಲಿ, ಎಲ್ಲವೂ ಸೇರಿ ಒಂದೇ ಪೆಟ್ಟಿಗೆಯಲ್ಲಿ ಬಂದ ಮೊದಲ ಸೆಟ್ಟಿನ ಬಗ್ಗೆ ಪ್ರಶ್ನೆ ಒಂದೇ: “ಈ ಬಾಕ್ಸ್ ಸೆಟ್ ಇನ್ನು ಸಾಕಾ ಸರ್? ಹೊಸದು ತಕೊಂಡ್ರೆ ನಾಲ್ಕು ಸ್ಟ್ರೋಕ್ ಕಮ್ಮಿ ಆಗ್ತದಾ?”

ತಪ್ಪು ಪ್ರತಿ ಸಲವೂ ಒಂದೇ ಬಗೆಯದಾಗಿದ್ದರೆ ಕ್ಲಬ್ಬನ್ನು ಅನುಮಾನಿಸಬಹುದು. ಒಂದು ಬಾಲ್ ಎಡಕ್ಕೆ, ಇನ್ನೊಂದು ಬಲಕ್ಕೆ, ಮೂರನೆಯದಕ್ಕೆ ಕ್ಲಬ್ ನೆಲ ಅಗೆಯುತ್ತದೆ ಎಂದಾದರೆ ಲಕ್ಷ ರೂಪಾಯಿ ಸುರಿದರೂ ಪ್ರಯೋಜನವಿಲ್ಲ. ಆ ದುಡ್ಡಿನ ಹತ್ತರಲ್ಲೊಂದು ಪಾಲನ್ನು ಕೋಚ್‌ಗೆ ಕೊಟ್ಟರೆ ಹೆಚ್ಚು ಲಾಭ.

ಇದನ್ನು ತಿಳಿಯಲು ಬೇಕಾದದ್ದು ವೈಟ್‌ಬೋರ್ಡ್ ಮಾರ್ಕರ್ ಮತ್ತು ಒಂದು ಬಟ್ಟೆ. 7 ನಂಬರ್ ಐರನ್ನಿನ ಫೇಸಿಗೆ, ಅಂದರೆ ಬಾಲ್ ತಾಗುವ ಮುಖಕ್ಕೆ, ತೆಳುವಾಗಿ ಮಾರ್ಕರ್ ಬಳಿದು ಹೊಡೆಯಿರಿ. ಬಾಲ್ ತಾಗಿದಲ್ಲಿ ಬಣ್ಣ ಎದ್ದು ಹೋಗುತ್ತದೆ. ಫೋಟೋ ತೆಗೆದು, ಒರೆಸಿ, ಮತ್ತೆ ಬಳಿಯಿರಿ. ಹದಿನೈದು ಬಾಲ್ ಸಾಕು. ಗುರುತುಗಳು ಟೋದಿಂದ (ಹೆಡ್ಡಿನ ಹೊರತುದಿ) ಹೀಲ್‌ವರೆಗೆ (ಕೋಲಿನ ಕಡೆಯ ತುದಿ) ಚದುರಿದ್ದರೆ ಅದು ಸ್ವಿಂಗಿನ ಮಾತು, ಅಂಗಡಿಗೆ ಹೋಗುವ ಕೆಲಸವಿಲ್ಲ. ಹೆಚ್ಚಿನವು ಹತ್ತು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಆದರೆ ನಡುವಿನಿಂದ ಸರಿದು ಬಿದ್ದಿದ್ದರೆ ಮುಂದಿನ ಪರೀಕ್ಷೆಗೆ ಅರ್ಥವಿದೆ. ಸಾಧ್ಯವಿದ್ದಷ್ಟೂ ಹುಲ್ಲಿನ ಮೇಲೆಯೇ ಹೊಡೆಯಿರಿ. ಮ್ಯಾಟಿನ ಮೇಲೆ ಕ್ಲಬ್ ಬಾಲಿಗಿಂತ ಎರಡು ಇಂಚು ಹಿಂದೆ ಬಡಿದರೂ ಜಾರಿಕೊಂಡು ಮುಂದೆ ಹೋಗಿ ಬಾಲನ್ನು ಎತ್ತಿಬಿಡುತ್ತದೆ. ಕೋರ್ಸಿನಲ್ಲಿ ಅದೇ ಹೊಡೆತಕ್ಕೆ ಮಣ್ಣು ಹಾರುತ್ತದೆ, ಬಾಲ್ ಅಲ್ಲೇ ಉಳಿಯುತ್ತದೆ.

ಮುಂದಿನದು ಲೈ ಪರೀಕ್ಷೆ. ಲೈ ಎಂದರೆ ನೆಲಕ್ಕೂ ಶಾಫ್ಟಿಗೂ (ಕ್ಲಬ್ಬಿನ ಕೋಲು) ನಡುವಿನ ಕೋನ. ಬಾಲಿನ ಮೇಲೆ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಆ ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಕಡೆ ಮುಖ ಮಾಡುವಂತೆ ಇಟ್ಟು ಹೊಡೆಯಿರಿ. ಗೆರೆ ಫೇಸಿನ ಮೇಲೆ ಅಚ್ಚಾಗುತ್ತದೆ. ಫೇಸಿನ ಅಡ್ಡ ಗೀರುಗಳಾದ ಗ್ರೂವ್‌ಗಳಿಗೆ ಲಂಬವಾಗಿದ್ದರೆ ಲೈ ಸರಿ. ಮೇಲ್ತುದಿ ಟೋ ಕಡೆ ವಾಲಿದ್ದರೆ ಕ್ಲಬ್ ನಿಮಗೆ ಅಪ್‌ರೈಟ್ (ಅತಿ ನೆಟ್ಟಗೆ), ಬಲಗೈ ಆಟಗಾರನ ಬಾಲ್ ಎಡಕ್ಕೆ ಎಳೆಯುತ್ತದೆ. ಹೀಲ್ ಕಡೆ ವಾಲಿದ್ದರೆ ಫ್ಲ್ಯಾಟ್ (ಅತಿ ಮಲಗಿದಂತೆ), ಬಾಲ್ ಬಲಕ್ಕೆ. 34 ಡಿಗ್ರಿ ಲಾಫ್ಟಿನ (ಫೇಸ್ ಹಿಂದಕ್ಕೆ ವಾಲಿರುವ ಕೋನ) ಕ್ಲಬ್ಬಿನಲ್ಲಿ ಲೈ 3 ಡಿಗ್ರಿ ತಪ್ಪಿದರೆ ಫೇಸ್ ಸುಮಾರು 2 ಡಿಗ್ರಿ ಪಕ್ಕಕ್ಕೆ ನೋಡುತ್ತದೆ. 130 ಯಾರ್ಡಿನಲ್ಲಿ ಅದು ನಾಲ್ಕೈದು ಯಾರ್ಡ್, ಅಂದರೆ ಗ್ರೀನಿಗೂ (ಕುಳಿಯ ಸುತ್ತಿನ ನುಣುಪು ಹುಲ್ಲು) ಬಂಕರಿಗೂ (ಮರಳುಗುಂಡಿ) ಇರುವ ವ್ಯತ್ಯಾಸ. ಲಾಫ್ಟ್ ಹೆಚ್ಚಿದಂತೆ ಈ ದೋಷವೂ ಹೆಚ್ಚು, ಹಾಗಾಗಿ ಹತ್ತಿರದ ಹೊಡೆತಕ್ಕೆ ಬಳಸುವ, ಲಾಫ್ಟ್ ಹೆಚ್ಚಿರುವ ವೆಜ್‌ಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಹೊಸ ಸೆಟ್ ಬೇಡ. ಲಾಫ್ಟ್-ಲೈ ಮೆಷಿನ್ ಇರುವ ಫಿಟ್ಟರ್ ಬಳಿ ಹೋಸೆಲ್, ಅಂದರೆ ಶಾಫ್ಟ್ ಕೂರುವ ಹೆಡ್ಡಿನ ಕೊರಳು, ಬಗ್ಗಿಸಿಕೊಂಡರಾಯಿತು. ಮೆತ್ತನೆಯ ಕಾರ್ಬನ್ ಸ್ಟೀಲಿನ ಫೋರ್ಜ್ಡ್ (ಬಡಿದು ರೂಪಿಸಿದ) ಹೆಡ್ ಸುಲಭವಾಗಿ ಬಗ್ಗುತ್ತದೆ. ಬಾಕ್ಸ್ ಸೆಟ್‌ಗಳಲ್ಲಿರುವ ಕಾಸ್ಟ್ (ಎರಕದ) ಸ್ಟೇನ್‌ಲೆಸ್ ಹೆಡ್ ಗಡುಸು. ಒಂದೆರಡು ಡಿಗ್ರಿಗಿಂತ ಹೆಚ್ಚು ಬಗ್ಗಿಸಲು ಹೋದರೆ ಹೋಸೆಲ್ ಬಿರುಕು ಬಿಡುವ ಅಪಾಯವಿದೆ, ಒಳ್ಳೆಯ ಫಿಟ್ಟರ್ ಅದಕ್ಕೆ ಕೈ ಹಾಕುವುದಿಲ್ಲ. ನಿಮಗೆ ನಾಲ್ಕು ಡಿಗ್ರಿ ಬೇಕಾಗಿದ್ದು ಹೆಡ್ ಎರಡಕ್ಕೇ ನಿಲ್ಲುತ್ತದೆ ಎಂದಾದರೆ, ಸೆಟ್ ಬದಲಿಸಲು ಅದು ನಿಜವಾದ ಕಾರಣ.

ಗ್ರಿಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆದರೆ ಮುಂಬಯಿ, ಗೋವಾದ ಸೆಕೆಯಲ್ಲಿ ಬೆವರು ಹೀರಿ ಹೊಳಪೇರಿದ ರಬ್ಬರ್ ಅರ್ಧ ದೂರುಗಳ ಮೂಲ. ಜಾರುವ ಗ್ರಿಪ್ಪನ್ನು ಬಿಗಿಯಾಗಿ ಹಿಡಿಯುತ್ತೇವೆ, ಮುಂಗೈ ಗಟ್ಟಿಯಾಗುತ್ತದೆ, ಫೇಸ್ ಮುಚ್ಚಲು ತಡವಾಗಿ ಬಾಲ್ ಬಲಕ್ಕೆ ಹೋಗುತ್ತದೆ. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಹಳೇ ಟೂತ್‌ಬ್ರಶ್ ಹಾಕಿ ಉಜ್ಜಿ ನೋಡಿ. ಆಮೇಲೂ ಜಾರಿದರೆ ಬದಲಿಸಿ. ಮಳೆಗಾಲದಲ್ಲೂ ಆಡುವವರಿಗೆ ರಬ್ಬರಿನಲ್ಲಿ ನೂಲು ಸೇರಿಸಿದ ಕಾರ್ಡ್ (cord) ಗ್ರಿಪ್ ವಾಸಿ. ಅಳತೆಯನ್ನೂ ಆಗಲೇ ನೋಡಿಕೊಳ್ಳಿ: ಗ್ಲೋವ್ ಕೈಯ ನಡುವಿನೆರಡು ಬೆರಳುಗಳ ತುದಿ ಹೆಬ್ಬೆರಳಿನ ಬುಡದ ದಿಂಡಿಗೆ ಆಗಷ್ಟೇ ತಾಗಬೇಕು.

ಇನ್ನು ಅಂಗಡಿಯಲ್ಲಿ ಜನ ಸೋಲುವ ಜಾಗ: ಲಾಫ್ಟ್. ಸಿಮ್ಯುಲೇಟರಿನಲ್ಲಿ ನಿಮ್ಮ 7 ನಂಬರ್ 125 ಯಾರ್ಡ್, ಅವರ ಹೊಸ 7 ನಂಬರ್ 140. ಮನಸ್ಸು ಅಲ್ಲೇ ಕರಗುತ್ತದೆ. ಕಂಪನಿಯ ವಿವರಪಟ್ಟಿ ನೋಡಿದರೆ ನಿಮ್ಮದರ ಲಾಫ್ಟ್ 34 ಡಿಗ್ರಿ, ಅದರದ್ದು 28 ಅಥವಾ 29. ಶಾಫ್ಟ್ ಕೂಡ ತುಸು ಉದ್ದ. ಪಕ್ಕಪಕ್ಕದ ಎರಡು ನಂಬರುಗಳ ನಡುವೆ ಸಾಮಾನ್ಯವಾಗಿ ಮೂರರಿಂದ ಐದು ಡಿಗ್ರಿ ಅಂತರವಿರುವಾಗ, ನೀವು ಹೊಡೆದದ್ದು 6 ನಂಬರನ್ನೇ, ತಳದಲ್ಲಿ 7 ಎಂದು ಬರೆದಿದೆ ಅಷ್ಟೇ. ಹೊಸ ಹೆಡ್‌ಗಳಲ್ಲಿ ಫೇಸ್ ತೆಳುವಾಗಿದ್ದು ತೂಕ ಕೆಳಗಿರುವುದರಿಂದ ಕಡಿಮೆ ಲಾಫ್ಟಿನಲ್ಲೂ ಬಾಲ್ ಮೇಲೇಳುತ್ತದೆ ಎಂಬುದು ನಿಜ. ಆದರೆ ನಿಧಾನ ಸ್ವಿಂಗಿನವರಿಗೆ ಅದು ಸಾಲುವುದಿಲ್ಲ. ಬಾಲ್ ತಗ್ಗಾಗಿ ಬಂದು, ಬೇಸಿಗೆಯ ಗಟ್ಟಿ ಗ್ರೀನಿನಲ್ಲಿ ನಿಲ್ಲದೆ ಅದನ್ನು ದಾಟಿ ಆಚೆಗೆ ಉರುಳಿ ಹೋಗುತ್ತದೆ. ಆದ್ದರಿಂದ ಹೋಲಿಕೆ ಮಾಡುವಾಗ ಅವರ 7ಕ್ಕೆ ನಿಮ್ಮ 6 ನಂಬರನ್ನು ಎದುರಿಡಿ. ದೂರಕ್ಕಿಂತ ಮೊದಲು ಡಿಸೆಂಟ್ ಆ್ಯಂಗಲ್ ಕೇಳಿ, ಅಂದರೆ ಬಾಲ್ ಇಳಿಯುವ ಕೋನ. 45 ಡಿಗ್ರಿ ಹತ್ತಿರವಿದ್ದರೆ ಬಾಲ್ ಗ್ರೀನಿನಲ್ಲಿ ನಿಲ್ಲುವ ಭರವಸೆ ಇಟ್ಟುಕೊಳ್ಳಬಹುದು. ಜೊತೆಗೆ ಅತಿ ದೂರದ ಹೊಡೆತವನ್ನು ಮರೆತು, ಹತ್ತು ಹೊಡೆತಗಳಲ್ಲಿ ಅತಿ ಹತ್ತಿರದ್ದಕ್ಕೂ ಅತಿ ದೂರದ್ದಕ್ಕೂ ಎಷ್ಟು ಅಂತರ ಎಂದು ನೋಡಿ. ಹೊಸ ಹೆಡ್ಡಿನಲ್ಲಿ ಆ ಅಂತರ ಕುಗ್ಗಿದರೆ ಅದಕ್ಕೆ ದುಡ್ಡು ಕೊಡಬಹುದು.

ಲಾಫ್ಟಿನ ಇನ್ನೊಂದು ಖರ್ಚು ಆಮೇಲೆ ಬರುತ್ತದೆ. ಹೊಸ ಸೆಟ್ಟಿನ ಪಿಚಿಂಗ್ ವೆಜ್ 43 ಡಿಗ್ರಿ, ಬ್ಯಾಗಿನಲ್ಲಿರುವ ಸ್ಯಾಂಡ್ ವೆಜ್ 56. ನಡುವೆ 13 ಡಿಗ್ರಿ ಖಾಲಿ. 70ರಿಂದ 100 ಯಾರ್ಡಿನ ನಡುವೆ ಪೂರ್ತಿ ಹೊಡೆಯಲು ಕ್ಲಬ್ಬೇ ಇಲ್ಲ, ಕಲಿಯುವವರಿಗೆ ಅತಿ ಹೆಚ್ಚು ಬಾಲ್ ಉಳಿಯುವುದೂ ಅಲ್ಲಿಯೇ. 49 ಅಥವಾ 50ರ ಗ್ಯಾಪ್ ವೆಜ್ ಖರ್ಚನ್ನು ಮೊದಲೇ ಸೇರಿಸಿ ಲೆಕ್ಕ ಹಾಕಿ.

ಹೆಡ್ ವಿಷಯದಲ್ಲಿ ಬ್ಲೇಡ್ (ಹಿಂಬದಿ ಟೊಳ್ಳಿಲ್ಲದ ತೆಳ್ಳನೆಯ ಹೆಡ್) ಆಸೆ ಸದ್ಯಕ್ಕೆ ಬೇಡ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದು ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್ಹೈಮ್ ಹೆಡ್ಡಿನ ತೂಕವನ್ನು ಅಂಚಿಗೆ ಸರಿಸುವ ವಿನ್ಯಾಸವನ್ನು ಮನೆಮಾತು ಮಾಡಿದರು. ತೂಕ ಅಂಚಿನಲ್ಲಿದ್ದರೆ ಟೋಗೆ ತಾಗಿದಾಗ ಹೆಡ್ ಕಡಿಮೆ ತಿರುಗುತ್ತದೆ, ಹಿಂಬದಿ ಟೊಳ್ಳಾದ ಕ್ಯಾವಿಟಿ ಬ್ಯಾಕಿನ ಉಪಕಾರ ಅಷ್ಟೇ. ಸೋಲ್ (ಹೆಡ್ಡಿನ ತಳ) ಅಗಲದ ಬಗ್ಗೆ ಮಾತ್ರ ನಮ್ಮ ಹವೆ ನೋಡಿ ಯೋಚಿಸಬೇಕು: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒದ್ದೆ ನೆಲದಲ್ಲಿ ಅಗಲ ಸೋಲ್ ಹೂತುಕೊಳ್ಳದೆ ಕಾಪಾಡುತ್ತದೆ, ಏಪ್ರಿಲ್, ಮೇ ತಿಂಗಳ ಒಣ ನೆಲದಲ್ಲಿ ಅದೇ ಸೋಲ್ ಪುಟಿದು ಬಾಲಿನ ನೆತ್ತಿಗೆ ಬಡಿಯುತ್ತದೆ. ವರ್ಷವಿಡೀ ಆಡುವವರಿಗೆ ಮಧ್ಯಮ ಅಗಲ ಸರಿ.

ಶಾಫ್ಟ್ ಎಷ್ಟು ಬಗ್ಗುತ್ತದೆ ಎಂದು ತಿಳಿಯಲು ಎಲ್ಲರೂ ರೆಗ್ಯುಲರಾ, ಸ್ಟಿಫ್ಫಾ (ಗಡುಸಾ) ಎಂದು ಕೇಳುತ್ತಾರೆ. ಒಂದು ಕಂಪನಿಯ ರೆಗ್ಯುಲರ್ ಇನ್ನೊಂದರ ಸ್ಟಿಫ್ ಆಗಿರಬಹುದು, ಹಾಗಾಗಿ ತೂಕ ನೋಡುವುದು ಹೆಚ್ಚು ಉಪಯೋಗ. ಸ್ಟೀಲ್ ಸುಮಾರು 95ರಿಂದ 130 ಗ್ರಾಂ, ಗ್ರಾಫೈಟ್ ಹೆಚ್ಚಾಗಿ 50ರಿಂದ 80. ಮೊದಲ ಒಂಬತ್ತು ಹೋಲ್ ಚೆನ್ನಾಗಿ ಆಡಿ, ಹದಿಮೂರರ ನಂತರ ಬಾಲ್ ಗಿಡ್ಡವಾಗಿ ಬಲಕ್ಕೆ ಬೀಳತೊಡಗಿದರೆ ಶಾಫ್ಟ್ ಭಾರವಾಗಿರುವ ಸಾಧ್ಯತೆ ಇದೆ. ಮೊಣಕೈ ನೋವಿರುವವರಿಗೆ ಗ್ರಾಫೈಟ್ ಹಿತ. ಕಡಲ ಗಾಳಿಗೆ ತುಕ್ಕೂ ಹಿಡಿಯುವುದಿಲ್ಲ.

ಇಷ್ಟೆಲ್ಲ ನೋಡಿ ತೆಗೆದುಕೊಳ್ಳುವುದೇ ಆದರೆ ಪೂರ್ತಿ ಸೆಟ್ ಯಾಕೆ? 5 ಮತ್ತು 6 ನಂಬರ್ ಒಂದೇ ದೂರ ಹೋಗುತ್ತಿದ್ದರೆ 5 ಬಿಟ್ಟು, 25 ಡಿಗ್ರಿ ಆಸುಪಾಸಿನ ಹೈಬ್ರಿಡ್ (ದಪ್ಪ ತಲೆಯ, ಬಾಲನ್ನು ಸುಲಭವಾಗಿ ಎತ್ತುವ ಕ್ಲಬ್) ಹಾಕಿ. ನಿಯಮದಂತೆ 14 ಕ್ಲಬ್ ಮಿತಿ ಮಾತ್ರ, ಅಷ್ಟನ್ನೂ ತುಂಬಲೇಬೇಕೆಂದಿಲ್ಲ.

ಸೆಕೆಂಡ್ ಹ್ಯಾಂಡ್ ಸೆಟ್ ಜಾಣ ಆಯ್ಕೆ. ನಕಲಿ ಮಾಲೂ ಓಡಾಡುತ್ತದೆ, ಹೋಸೆಲ್ ಮೇಲಿನ ಸೀರಿಯಲ್ ನಂಬರ್ ಹುಡುಕಿ, ಅಕ್ಷರಗಳ ಅಚ್ಚು ಕಂಪನಿಯ ಫೋಟೋದೊಂದಿಗೆ ಹೋಲಿಸಿ. ಕ್ಲಬ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಪ್ರತಿ ನಂಬರಿಗೂ ಸುಮಾರು ಅರ್ಧ ಇಂಚು ಉದ್ದ ಕಡಿಮೆಯಾಗುತ್ತಾ ಬರಬೇಕು. ನಡುವೆ ಒಂದು ಏರುಪೇರಾಗಿದ್ದರೆ ಅದರ ಶಾಫ್ಟ್ ಮುರಿದು ಬದಲಾಗಿದೆ ಎಂದೇ ಅನುಮಾನಿಸಿ. ಫೆರುಲ್ (ಹೆಡ್ಡಿಗೆ ಶಾಫ್ಟ್ ಸೇರುವಲ್ಲಿನ ಪ್ಲಾಸ್ಟಿಕ್ ಉಂಗುರ) ಕೆಳಗೆ ತುಕ್ಕಿನ ಕಲೆ ಇದೆಯೇ, ಹೆಡ್ ಹಿಡಿದು ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು ಬರುತ್ತದೆಯೇ ನೋಡಿ. ಹಿಂದಿನ ಯಜಮಾನ ನಿಮಗಿಂತ ಅರ್ಧ ಅಡಿ ಎತ್ತರವಿದ್ದರೆ ಲೈ ಬಗ್ಗಿಸಿರಬಹುದು, ದುಡ್ಡು ಕೊಡುವ ಮೊದಲು ಮೆಷಿನ್ನಿನಲ್ಲಿ ಅಳೆಸಿ.