ಮೊದಲ ಉದಾಹರಣೆಯೇ ಕೈಕೊಟ್ಟಾಗ

2025ರ ಸೋಣ ತಿಂಗಳು. ಮಣಿಪಾಲದಲ್ಲಿ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿದ್ದ ಒಂದು ಸಂಜೆ ಪಕ್ಕದ ಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿ ಲ್ಯಾಪ್‌ಟಾಪನ್ನು ಸೆರಗಿನಡಿ ಮುಚ್ಚಿಕೊಂಡು ಬಂದಳು. ಜಿಗ್ ಎಂಬ ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹೊರಟಿದ್ದಳು. ಪರದೆಯ ಮೇಲೆ ‘ನಮಸ್ಕಾರ’ ಎಂದು ತೋರಿಸುವ ನಾಲ್ಕೈದು ಸಾಲಿನ ಪ್ರೋಗ್ರಾಂ ಅದು, ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಪ್ಪುತ್ತಿರಲಿಲ್ಲ. ನೀನು ಕೇಳುವ ಹೆಸರು ನನ್ನ ಹತ್ತಿರ ಇಲ್ಲವೇ ಇಲ್ಲ ಎನ್ನುತ್ತಿತ್ತು. “ಅಂಕಲ್, ಪಾಠದಲ್ಲಿ ಇದ್ದ ಹಾಗೆಯೇ ಟೈಪ್ ಮಾಡಿದ್ದು, ಒಂದು ಅಕ್ಷರ ಬದಲಿಸಲಿಲ್ಲ” ಎಂದಳು.

ಬದಲಿಸದಿದ್ದದ್ದೇ ತೊಂದರೆ. ಅವಳ ಕೈಯಲ್ಲಿದ್ದ ಪಾಠ ಹಿಂದಿನ ವರ್ಷದ್ದು. ಆಗಸ್ಟಿನಲ್ಲಿ ಬಂದ 0.15.1 ಆವೃತ್ತಿ ಓದುವ, ಬರೆಯುವ ಕೆಲಸಕ್ಕೆಂದು ಸಿದ್ಧವಾಗಿಟ್ಟ ಕೋಡನ್ನು, ಅಂದರೆ ಲೈಬ್ರರಿಯನ್ನು, ಬುಡಸಮೇತ ಬದಲಿಸಿತ್ತು. ಬಿಡುಗಡೆಯ ಟಿಪ್ಪಣಿಯಲ್ಲೇ ಅದಕ್ಕೆ ಅಮೆರಿಕದ ವಾಟರ್‌ಗೇಟ್ ಹಗರಣದ ಧಾಟಿಯಲ್ಲಿ ‘ರೈಟರ್‌ಗೇಟ್’ ಎಂಬ ತಲೆಬರಹ ಕೊಟ್ಟಿದ್ದರು; ಹಗರಣವಾಗುತ್ತದೆ ಎಂಬುದು ಮಾಡಿದವರಿಗೂ ಗೊತ್ತಿತ್ತು. ಆಂಡ್ರ್ಯೂ ಕೆಲ್ಲಿ 2016ರಲ್ಲಿ ಹೊರತಂದ ಈ ಭಾಷೆ ಇನ್ನೂ 1.0, ಅಂದರೆ ಮೊದಲ ಸ್ಥಿರ ಆವೃತ್ತಿ, ಮುಟ್ಟಿರಲಿಲ್ಲ. ಆ ಗೆರೆ ದಾಟುವವರೆಗೆ ಏನನ್ನಾದರೂ ಮುರಿದು ಕಟ್ಟುವ ಹಕ್ಕು ಅದಕ್ಕಿದೆ, ತಕರಾರಿಲ್ಲ. ಆದರೆ ಮುರಿದದ್ದನ್ನು ಕಲಿಯುವವರಿಗೆ ತಿಳಿಸುವವರು ಯಾರು?

ಸಿ ಭಾಷೆಯ ಕಾಲದಲ್ಲಿ ಈ ಪ್ರಶ್ನೆ ಇಷ್ಟು ಕಾಡುತ್ತಿರಲಿಲ್ಲ. ಕರ್ನಿಗನ್ ಮತ್ತು ರಿಚಿ 1978ರಲ್ಲಿ ಬರೆದ ಪುಸ್ತಕ ಬೆನ್ನಚೀಲದಲ್ಲಿ ಹಿಡಿಸುವಷ್ಟು ಸಣ್ಣದು. ಅಮೆರಿಕದ ಅಧಿಕೃತ ಮಾನಕ 1989ರಲ್ಲಿ ಬರುವವರೆಗೂ ಅದು ಹೇಳಿದ್ದೇ ಸಿ. ಭಾಷೆ ನಿಧಾನವಾಗಿ ನಡೆಯುತ್ತಿತ್ತು, ಪುಸ್ತಕಕ್ಕೆ ಜೊತೆಗೆ ಹೆಜ್ಜೆ ಹಾಕಲು ಸಾಧ್ಯವಿತ್ತು.

ಪರ್ಲ್ ಎಂಬ ಭಾಷೆ ಬಂದಾಗ ಆಟ ಬದಲಾಯಿತು. ವಿವರಣೆಯನ್ನು ಕೋಡಿನ ಕಡತದೊಳಗೇ ಬರೆಯುವ ಪದ್ಧತಿ ಅದರ ಐದನೇ ಆವೃತ್ತಿಯೊಂದಿಗೆ 1994ರಲ್ಲಿ ಬಂತು. ಮರುವರ್ಷ ಸಿಪ್ಯಾನ್ ಎಂಬ ಭಂಡಾರ ತೆರೆಯಿತು. ಯಾರೋ ಬರೆದ ಲೈಬ್ರರಿಯನ್ನು ಇನ್ಯಾರೋ ಇಳಿಸಿಕೊಂಡಾಗ ಅದರ ಕೈಪಿಡಿಯೂ ಜೊತೆಗೇ ಬರುತ್ತಿತ್ತು. ಪೈಥಾನಿನ ಭಂಡಾರಕ್ಕೆ 2003ರವರೆಗೆ ಕಾಯಬೇಕಾಯಿತು. ಆ ಭಾಷೆಗೆ ಆಗಲೇ ಹನ್ನೆರಡು ವರ್ಷ.

ರೂಬಿಯ ಕತೆ ನಮ್ಮ ಕಡೆಯವರಿಗೆ ಹೆಚ್ಚು ಅರ್ಥವಾಗಬೇಕು. ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ಜಪಾನಿನಲ್ಲಿ ಹೊರತಂದ ಭಾಷೆ ಅದು. ಬರಹಗಳೆಲ್ಲ ಹೆಚ್ಚಾಗಿ ಜಪಾನಿಯಲ್ಲೇ. ಭಾಷೆಯಲ್ಲಿ ಊನವೇನೂ ಇರಲಿಲ್ಲ, ಆದರೂ ಹೊರಗಿನವರಿಗೆ ಬಾಗಿಲು ಅರ್ಧ ಮುಚ್ಚಿಯೇ ಇತ್ತು. 2000ರಲ್ಲಿ ಇಂಗ್ಲಿಷಿನಲ್ಲಿ ಒಂದು ದಪ್ಪ ಪುಸ್ತಕ ಬಂದ ಮೇಲೆ ಅಮೆರಿಕದವರು, ಯುರೋಪಿನವರು ಒಳಗೆ ಬಂದರು. 2004ರಲ್ಲಿ ಜಾಲತಾಣ ಕಟ್ಟಲು ನೆರವಾಗುವ, ಅದೇ ಭಾಷೆಯಲ್ಲಿ ಬರೆದ ರೈಲ್ಸ್ ಹುಟ್ಟಿತು, ರೂಬಿಯ ಹೆಸರು ಮನೆಮಾತಾಯಿತು. ರೈಲ್ಸ್ ಬರೆದ ಡೆನ್ಮಾರ್ಕಿನವನಿಗೆ ಜಪಾನಿ ಓದಲೇಬೇಕಾಗಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಉಡುಪಿಯಲ್ಲಿ ಕುಳಿತು ಇದನ್ನು ಬರೆಯುವಾಗ ತುಳು ನಿಘಂಟು ನೆನಪಾಗದಿರುವುದು ಹೇಗೆ? ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲೇ ಬಂದಿತ್ತು. ಆದರೂ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರು 1979ರಲ್ಲಿ ಮತ್ತೆ ಆ ಕೆಲಸಕ್ಕೆ ಕೈಹಾಕಬೇಕಾಯಿತು. ಆರು ಸಂಪುಟಗಳಲ್ಲಿ ಕೊನೆಯದು ಹೊರಬಂದದ್ದು 1997ರಲ್ಲಿ. ಆಡುವ ಬಾಯಿಗಳಿಗೇನೂ ಕೊರತೆಯಿರಲಿಲ್ಲ, ಆದರೂ ದಾಖಲೆಗೆ ಹದಿನೆಂಟು ವರ್ಷ ಹಿಡಿಯಿತು. ಅಷ್ಟು ವರ್ಷ ಪದಗಳು ನಿಂತಲ್ಲೇ ನಿಂತಿರುವುದಿಲ್ಲ. ಒಂದು ವ್ಯತ್ಯಾಸವನ್ನಂತೂ ಹೇಳಬೇಕು: ನಿಘಂಟಿನಲ್ಲಿ ಹಳೆಯ ಪದ ಉಳಿದರೆ ಅದು ಆಸ್ತಿ. ಪ್ರೋಗ್ರಾಮಿನ ಕೈಪಿಡಿಯಲ್ಲಿ ಹಳೆಯ ಹೆಸರು ಉಳಿದರೆ ಅದು ಗುಂಡಿ.

ಆ ಗುಂಡಿ ಮುಚ್ಚುವ ಉಪಾಯವನ್ನು ಚೆನ್ನಾಗಿ ಪಳಗಿಸಿದ್ದು ರಸ್ಟ್ ಎಂದು ನನ್ನ ಎಣಿಕೆ. ಗ್ರೇಡನ್ ಹೋರ್ 2006ರಲ್ಲಿ ಬಿಡುವಿನ ಕೆಲಸವಾಗಿ ಹಿಡಿದ ಈ ಭಾಷೆಯೂ ಎಳವೆಯಲ್ಲಿ ಜಿಗ್‌ನಷ್ಟೇ ಚಂಚಲ. ಆದರೆ ಅಲ್ಲಿ ಲೈಬ್ರರಿಯ ವಿವರಣೆಯಲ್ಲಿ ನೀವು ಒಂದು ಉದಾಹರಣೆ ಬರೆದರೆ ಅದು ಬರೀ ಬರಹವಾಗಿ ಉಳಿಯುವುದಿಲ್ಲ. ಪರೀಕ್ಷೆಗಳನ್ನು ಓಡಿಸಿದಾಗ ರಸ್ಟ್‌ನ ಸಾಧನವೇ ಆ ಉದಾಹರಣೆಯನ್ನೂ ಎತ್ತಿ, ಕಂಪೈಲ್ ಮಾಡಿ ಓಡಿಸಿ ನೋಡುತ್ತದೆ. ನಿನ್ನೆ ಯಾರೋ ಒಂದು ಹೆಸರು ಬದಲಿಸಿದ್ದರೆ ಇವತ್ತು ಕೈಪಿಡಿಯೇ ಕೂಗಿ ಹೇಳುತ್ತದೆ. 2014ರ ನವೆಂಬರಿನಲ್ಲಿ ಜನ ಬರೆದ ಲೈಬ್ರರಿಗಳ, ಅಂದರೆ ಪ್ಯಾಕೇಜುಗಳ, ಭಂಡಾರ ತೆರೆಯಿತು, 2015ರ ಮೇ 15ರಂದು 1.0 ಬಂತು. ಹೊಸ ಕಂಪೈಲರಿನಿಂದ ಯಾರ ಮನೆ ಮುರಿಯುತ್ತದೆ ಎಂದು ತಿಳಿಯಲು ಭಂಡಾರದಲ್ಲಿರುವ ಪ್ಯಾಕೇಜುಗಳನ್ನೆಲ್ಲ ಕಟ್ಟಿ ನೋಡುವ ‘ಕ್ರೇಟರ್’ ಎಂಬ ಸಾಧನವೂ ಅವರಲ್ಲಿದೆ. ಭಂಡಾರ ಬೆಳೆದಷ್ಟೂ ಅದರ ಮೇಲಿನ ಭಾರವೂ ಬೆಳೆಯುತ್ತದೆ: 2016ರ ಮಾರ್ಚಿನಲ್ಲಿ ಜಾವಾಸ್ಕ್ರಿಪ್ಟಿನವರ ಭಂಡಾರದಿಂದ ಹನ್ನೊಂದು ಸಾಲಿನ ಒಂದು ಪ್ಯಾಕೇಜನ್ನು ಬರೆದವನೇ ತೆಗೆದು ಹಾಕಿದಾಗ ಅದನ್ನು ನೆಚ್ಚಿಕೊಂಡಿದ್ದ ಜಗತ್ತಿನ ಸಾವಿರಾರು ಯೋಜನೆಗಳು ಒಮ್ಮೆಲೇ ಮುಗ್ಗರಿಸಿದವು.

ನ್ಯಾಯವಾಗಿ ಹೇಳಬೇಕೆಂದರೆ ಜಿಗ್ ಕೂಡ ಹಿಂದುಳಿದಿಲ್ಲ. ಅದರ ಅಧಿಕೃತ ಕೈಪಿಡಿಯಲ್ಲಿರುವ ಉದಾಹರಣೆಗಳನ್ನು ಯಂತ್ರವೇ ಕಂಪೈಲ್ ಮಾಡಿ ನೋಡುತ್ತದೆ. ಕೈಕೊಟ್ಟದ್ದು ಅದಲ್ಲ, ಅದರ ಸುತ್ತ ಜನ ಪ್ರೀತಿಯಿಂದ ಬರೆದಿಟ್ಟ ಪಾಠಗಳು. ಅವಕ್ಕೆ ಕಾವಲಿಲ್ಲ. ಎಳೆಯ ಭಾಷೆಗೆ ಜನ ಬರುವುದು ಮಾತ್ರ ಆ ಪಾಠಗಳ ದಾರಿಯಲ್ಲೇ.

ಅಧಿಕೃತ ಕೈಪಿಡಿ ತೆರೆದು ಒಂದು ಸಾಲು ಬದಲಿಸಿದೆವು. ಪರದೆಯ ಮೇಲೆ ‘ನಮಸ್ಕಾರ’ ಮೂಡಿತು. ಚಹಾ ಕುಡಿದು ಹೋದವಳು ಮರುವಾರ ತನ್ನ ತರಗತಿಯವರಿಗೆಂದು ಕನ್ನಡದಲ್ಲಿ ಬರೆದ ಎರಡು ಪುಟದ ಟಿಪ್ಪಣಿ ತಂದು ತೋರಿಸಿದಳು. ಮೇಲ್ಗಡೆ ತನ್ನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ‘0.15.1ಕ್ಕೆ ಮಾತ್ರ’.