ಈರುಳ್ಳಿ ಬೇರಿನ ಟೆಸ್ಟ್: ಎಣಿಸುವುದು ಜೀವಕೋಶ, ಲೆಕ್ಕಕ್ಕೆ ಬರುವುದು ಗಡ್ಡೆ

ಶಿವಮೊಗ್ಗ ಕಡೆ ಬಯಾಲಜಿ ಓದುವವರಿಗೆ ಪ್ರಾಜೆಕ್ಟ್ ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್) ನೆನಪಾಗುವುದು ಸಹಜ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಸುಣ್ಣದ ಜೊತೆ ಇರುವುದು ಅದೇ. ಅದು ಜೀವಕೋಶಗಳಿಗೆ ತೊಂದರೆ ಮಾಡುತ್ತದಾ ಅಂತ ಈರುಳ್ಳಿ ಬೇರಿನಲ್ಲಿ ನೋಡುವ ಟೆಸ್ಟ್ ಕೂಡ ಸುಲಭ. ಈರುಳ್ಳಿ ಬೇರಿನ ತುದಿಯಲ್ಲಿ ಕೋಶಗಳು ಸದಾ ಒಂದು ಎರಡಾಗಿ ವಿಭಜನೆಯಾಗುತ್ತಿರುತ್ತವೆ, ಕ್ರೋಮೋಸೋಮ್ 16 ಮಾತ್ರ, ಅವೂ ದಪ್ಪ. 1938ರಲ್ಲಿ ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಲೆವಾನ್, ಕೋಶ ವಿಭಜನೆ ತಡೆಯುವ ಕೊಲ್ಚಿಸಿನ್‌ನ ಪರಿಣಾಮ ನೋಡಿದ್ದೂ ಇದರಲ್ಲೇ.

ನೂರು ಕೋಶಗಳಲ್ಲಿ ಎಷ್ಟು ವಿಭಜನೆಯಲ್ಲಿವೆ ಅನ್ನುವುದೇ ಮೈಟೋಟಿಕ್ ಇಂಡೆಕ್ಸ್. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಎಡವುವುದು ಮುಂದೆ.

ಒಂದು ಉದಾಹರಣೆ ಮಾಡಿಕೊಳ್ಳೋಣ. ಬರೀ ನೀರಿನಲ್ಲಿ 5 ಗಡ್ಡೆ, ಮೈಲುತುತ್ತದ ನೀರಿನಲ್ಲಿ 5 ಗಡ್ಡೆ, ಪ್ರತಿಯೊಂದರಲ್ಲೂ 1000 ಕೋಶ ಎಣಿಸಿದ್ದೀರಿ. ನೀರಿನವು ಶೇಕಡಾ 12, 8, 11, 7, 12 ಬಂದವು, ಇನ್ನೊಂದು ಗುಂಪಿನವು 10, 6, 11, 7, 10. ಸರಾಸರಿ 10 ಮತ್ತು 8.8. ಎಲ್ಲಾ ಕೋಶಗಳನ್ನೂ ಒಟ್ಟಿಗೆ ಸುರಿದು 5000ಕ್ಕೆ 500, 5000ಕ್ಕೆ 440 ಅಂತ ಕೈ-ಸ್ಕ್ವೇರ್ (ಎರಡು ಗುಂಪಿನ ಎಣಿಕೆ ಹೋಲಿಸುವ ಲೆಕ್ಕ) ಹಾಕಿದರೆ ಸುಮಾರು 4.2 ಬರುತ್ತದೆ, ಆಕಸ್ಮಿಕವಲ್ಲ ಅನ್ನಲು ದಾಟಬೇಕಾದ ಗಡಿ 3.84, ಅಂದರೆ ವ್ಯತ್ಯಾಸ ಇದೆ ಅಂತ ಬರೆದುಬಿಡುತ್ತೀರಿ. ಅದೇ ಅಂಕಿಗಳಲ್ಲಿ ಗಡ್ಡೆಗೊಂದು ಅಂಕಿ ಇಟ್ಟು ಟಿ-ಟೆಸ್ಟ್ (ಎರಡು ಸರಾಸರಿ ಹೋಲಿಸುವ ಲೆಕ್ಕ) ಮಾಡಿ ನೋಡಿ. ಟಿ ಬರುವುದು 0.84, ಬೇಕಾದ್ದು 2.31. ವ್ಯತ್ಯಾಸ ಇದೆ ಅನ್ನಲು ಆಧಾರವೇ ಇಲ್ಲ!

ಯಾಕೆ ಹೀಗೆ? ಮೈಲುತುತ್ತದ ನೀರಿಗೆ ಇಟ್ಟದ್ದು ಗಡ್ಡೆಯನ್ನು, ಕೋಶವನ್ನಲ್ಲ. ಒಂದೇ ಗಡ್ಡೆಯ ಕೋಶಗಳು ಒಂದನ್ನೊಂದು ಹೋಲುತ್ತವೆ, ಹಾಗಾಗಿ 5000 ಬೇರೆ ಬೇರೆ ಸಾಕ್ಷಿ ಸಿಕ್ಕಿದೆ ಅಂತ ಹೇಳಲಾಗದು, ಸಿಕ್ಕಿರುವುದು ಐದೇ. ನೀರಿನಲ್ಲೇ ಇದ್ದ ಗಡ್ಡೆಗಳಲ್ಲೂ 7ರಿಂದ 12ರವರೆಗೆ ಏರುಪೇರು ಇದೆಯಲ್ವಾ? ಕೈ-ಸ್ಕ್ವೇರ್‌ಗೆ ಅದು ಕಾಣುವುದೇ ಇಲ್ಲ. ಸಮಯ ಇದ್ದರೆ ಒಂದು ಗಡ್ಡೆಯಲ್ಲಿ ಇನ್ನೂ ಸಾವಿರ ಕೋಶ ಎಣಿಸುವ ಬದಲು ಇನ್ನೊಂದಷ್ಟು ಗಡ್ಡೆ ಇಡಿ. ಮೈಲುತುತ್ತದ ಮೂರ್ನಾಲ್ಕು ಪ್ರಮಾಣ ಇಟ್ಟಿದ್ದರೆ ಜೋಡಿ ಜೋಡಿಯಾಗಿ ಟಿ-ಟೆಸ್ಟ್ ಬೇಡ, ಎಲ್ಲಾ ಗುಂಪುಗಳನ್ನೂ ಒಟ್ಟಿಗೆ ಹೋಲಿಸುವ ಅನೋವಾ ಮಾಡಿ, ಆಮೇಲೆ ಪ್ರತಿ ಪ್ರಮಾಣವನ್ನೂ ಬರೀ ನೀರಿನ ಗುಂಪಿಗೆ ಹೋಲಿಸುವ ಡನೆಟ್ ಟೆಸ್ಟ್. ಬೇರಿನ ತುದಿ ಎಲ್ಲವನ್ನೂ ಒಂದೇ ಹೊತ್ತಿಗೆ ಕತ್ತರಿಸಿ, ಎಣಿಸುವಾಗ ಯಾವ ಗುಂಪಿನದು ಅಂತ ಗೊತ್ತಾಗದ ಹಾಗೆ ಸ್ಲೈಡ್‌ಗಳಿಗೆ ಗುಟ್ಟಿನ ನಂಬರ್ ಬೇರೆಯವರ ಕೈಲಿ ಹಾಕಿಸಿ.

ಇನ್ನೊಂದು ಮಾತು. ಇಂಡೆಕ್ಸ್ ನಿಜವಾಗಿಯೇ ಇಳಿದರೂ ಅದು ಹೇಳುವುದು ವಿಭಜನೆ ಕುಗ್ಗಿದೆ ಅಂತ ಮಾತ್ರ. ಡಿಎನ್‌ಎಗೆ ಏಟು ಬಿದ್ದಿದೆ ಅನ್ನಬೇಕಾದರೆ ಅನಾಫೇಸ್‌ನಲ್ಲಿ (ಕ್ರೋಮೋಸೋಮ್‌ಗಳು ಎರಡು ಕಡೆಗೆ ಸರಿಯುವ ಹಂತ) ಎರಡೂ ಕಡೆಗೆ ಅಂಟಿ ಉಳಿದ ಕ್ರೋಮೋಸೋಮ್ ಸೇತುವೆ, ಮುರಿದ ಕ್ರೋಮೋಸೋಮ್ ಚೂರು, ಮೈಕ್ರೋನ್ಯೂಕ್ಲಿಯಸ್ (ಮುಖ್ಯ ನ್ಯೂಕ್ಲಿಯಸ್‌ನ ಹೊರಗೆ ಉಳಿದ ಪುಟ್ಟ ನ್ಯೂಕ್ಲಿಯಸ್) ಇವನ್ನು ಬೇರೆಯಾಗಿ ಎಣಿಸಲೇಬೇಕು. ಪ್ರಮಾಣ ತೀರಾ ಜಾಸ್ತಿಯಾಗಿ ವಿಭಜನೆಯೇ ನಿಂತರೆ ಸೇತುವೆ ನೋಡಲು ಅನಾಫೇಸೇ ಸಿಗುವುದಿಲ್ಲ, ಆಗ ಸೊನ್ನೆ ಬಂತು ಅಂತ ಮೈಲುತುತ್ತ ನಿರಪಾಯ ಅಂದುಕೊಳ್ಳಬೇಡಿ.